ಆಟಕ್ಕುಂಟು, ಲೆಕ್ಕಕ್ಕೂ ಉಂಟು

ಕನ್ನಡ ಶಾಲೆಯಲ್ಲಿ ಓದಿದ ಯಾರನ್ನಾದರೂ ಕೇಳಿ ನೋಡಿ. ಆರನೇ ಕ್ಲಾಸಿನ ಸಮಾಜ ಪಾಠ ಮರೆತಿರುತ್ತದೆ, ಬಾಯಿಪಾಠ ಮಾಡಿದ ಮಗ್ಗಿ ಹದಿಮೂರರಾಚೆ ತಡವರಿಸುತ್ತದೆ. ಆದರೆ ಬಯಲಿನಲ್ಲಿ ತಮ್ಮನ್ನು ಯಾರು ಏನೆಂದು ಕರೆಯುತ್ತಿದ್ದರು, ತಾವು ಯಾರಿಗೆ ಏನಂದು ಓಟ ಕೀಳುತ್ತಿದ್ದೆವು ಎಂಬುದು ಮಾತ್ರ ನಿನ್ನೆ ಮೊನ್ನೆ ನಡೆದದ್ದರಷ್ಟು ಚೆನ್ನಾಗಿ ನೆನಪಿರುತ್ತದೆ. ಪಠ್ಯಪುಸ್ತಕ ಕಲಿಸಿದ್ದು ಒಂದು ಕನ್ನಡ. ಆಟದ ಬೆಲ್ಲು ಹೊಡೆದ ಮೇಲೆ ನಾವೇ ಒಬ್ಬರಿಂದೊಬ್ಬರು ಕಲಿತದ್ದು ಇನ್ನೊಂದು. ಆ ಎರಡನೆಯದಕ್ಕೆ ಪರೀಕ್ಷೆ ಇರಲಿಲ್ಲ, ಮೇಷ್ಟ್ರು ಇರಲಿಲ್ಲ. ಆದರೂ ಅದರಲ್ಲಿ ನಪಾಸಾದ ಹುಡುಗನನ್ನು ನಾನಂತೂ ಕಂಡಿಲ್ಲ.

ನಮ್ಮ ಕಾಂಪೌಂಡಿನ ಆಚೆ ಮನೆಯಲ್ಲಿ ಕುಂದಾಪುರ ಕಡೆಯ ನಿವೃತ್ತ ಮಾಷ್ಟ್ರೊಬ್ಬರಿದ್ದಾರೆ. ಸಂಜೆ ಅವರು ಗಿಡಕ್ಕೆ ನೀರು ಬಿಡುವ ಹೊತ್ತಿಗೆ ನಾನು ಗೋಡೆಗೆ ಒರಗಿ ನಿಂತರೆ ಮಾತು ಎಲ್ಲಿಂದ ಶುರುವಾದರೂ ಶಾಲೆಯ ಬಯಲಿಗೆ ಬಂದು ಸೇರುತ್ತದೆ. "ನಿಮ್ಮ ಬದಿಯ 'ದಡ್ಡ'ದಲ್ಲಿ ಗಮ್ಮತ್ತಿಲ್ಲ ಮಾರಾಯ್ರೆ. ನಮ್ಮಲ್ಲಿ 'ಹೆಡ್ಡ' ಅಂದ್ರೆ ಮುಗೀತು, ಅವ ಮನೆ ತನಕ ಮಾತಾಡದೆ ನಡೀತಿದ್ದ" ಎಂದು ಅವರು ಒಂದು ಎಸೆಯುತ್ತಾರೆ. ಮಂಗಳೂರಿನ ಕಡೆ ಹೋದರೆ 'ಮರ್ಲ' ಇದೆ, ಕೆಲಸವಿಲ್ಲದೆ ಅಲೆಯುವವನಿಗೆ 'ಅಂಡೆಪಿರ್ಕಿ' ಇದೆ. ನಾನು ನನ್ನ ಕಡೆಯ ಪೆದ್ದ, ಪೆಕ್ರ, ಪೆಂಗ, ಬೆಪ್ಪ, ಗುಗ್ಗು, ಗೂಬೆ, ಎಡವಟ್ಟು ಎಲ್ಲವನ್ನೂ ಗೋಡೆಯ ಮೇಲೆ ಸಾಲಾಗಿ ಇಡುತ್ತೇನೆ. ಇಬ್ಬರು ಮುದುಕರು ಹೀಗೆ ಬೈಗುಳ ವಿನಿಮಯ ಮಾಡಿಕೊಳ್ಳುವುದನ್ನು ಕೇಳಿ ಒಳಗಿನಿಂದ ಮನೆಯವರು ಇಣುಕಿ ನೋಡುವುದೂ ಉಂಟು.

ನನಗೆ ಈ ಭಾಷೆಯ ವಿಸ್ತಾರ ತಿಳಿದದ್ದು ಅಪ್ಪನ ವರ್ಗಾವಣೆಯಿಂದ. ತಿಪಟೂರಿನಲ್ಲಿ ಮಿಡ್ಲ್‌ಸ್ಕೂಲು ಓದುತ್ತಿದ್ದವನು ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಧಾರವಾಡದ ಬಯಲಿನಲ್ಲಿ ನಿಂತಿದ್ದೆ. ಅಲ್ಲಿನ ಹುಡುಗರು ನನ್ನ ಮಾತಿನ ಧಾಟಿ ಕೇಳಿ ಮೊದಲ ದಿನವೇ 'ಮೈಸೂರಪಾಕ' ಎಂದು ಹೆಸರಿಟ್ಟರು. "ಬಾರಲೇ ಮಂಗ್ಯಾ, ನಮ್ಮ ಕಡೆ ಆಡ" ಎಂದು ಒಬ್ಬ ಕರೆದಾಗ ನನಗೆ ಕಣ್ಣು ತುಂಬಿ ಬಂತು. ತಿಪಟೂರಿನಲ್ಲಿ ಯಾರಾದರೂ 'ಮಂಗ' ಎಂದರೆ ಅದು ಜಗಳದ ಪೀಠಿಕೆ. ಧಾರವಾಡದಲ್ಲಿ 'ಮಂಗ್ಯಾ' ಎಂದರೆ ಪಕ್ಕದಲ್ಲಿ ಜಾಗ ಮಾಡಿ ಕೊಟ್ಟಂತೆ, 'ಖೋಡಿ' ಎಂದರೆ ಹೆಗಲ ಮೇಲೆ ಕೈ ಹಾಕಿದಂತೆ. ತಂಟೆಕೋರನಿಗೆ 'ಉಡಾಳ', ಕೆಲಸಕ್ಕೆ ಬಾರದವನಿಗೆ 'ಅಡ್ನಾಡಿ', ಚಾಲಾಕಿಗೆ 'ಬೆರಕಿ'. ಇವೆಲ್ಲ ಬೈಗುಳ ಹೌದೋ ಅಲ್ಲವೋ ಎಂಬುದನ್ನು ಹೇಳುತ್ತಿದ್ದದ್ದು ದನಿ, ಕಣ್ಣು, ಭುಜದ ಮೇಲೆ ಬೀಳುತ್ತಿದ್ದ ಕೈಯ ಭಾರ. ಕೆಲವೇ ದಿನಗಳಲ್ಲಿ ನಾನೂ ಹೊಸದಾಗಿ ಬಂದ ಹುಡುಗನನ್ನು "ಏ ಮಂಗ್ಯಾ" ಎಂದು ಕರೆದು ಸಾಲಿನಲ್ಲಿ ಸೇರಿಸಿಕೊಳ್ಳುವಷ್ಟು ಧಾರವಾಡದವನಾಗಿದ್ದೆ.

ಮಕ್ಕಳು ಎಂಥ ಪದಕಾರರು ಎಂಬುದನ್ನು ನೋಡಬೇಕಾದರೆ 'ಬುರುಕ' ಒಂದನ್ನು ನೋಡಿದರೆ ಸಾಕು. ಅಳುವವನು ಅಳುಬುರುಕ, ಅಂಜುವವನು ಅಂಜುಬುರುಕ, ಮೇಷ್ಟ್ರಿಗೆ ಹೋಗಿ ಹೇಳುವವನು ಚಾಡಿಬುರುಕ, ಮೂಗು ಒರೆಸಿಕೊಳ್ಳದವನು ಗೊಣ್ಣೆಬುರುಕ, ಹಾಸಿಗೆ ಒದ್ದೆ ಮಾಡಿಕೊಂಡ ಸುದ್ದಿ ತಂಗಿಯ ಬಾಯಿಂದ ಹೊರಬಿದ್ದವನು ಉಚ್ಚೆಬುರುಕ. ಒಂದು ಬಾಲ ಸಿಕ್ಕರೆ ಸಾಕು, ಅದಕ್ಕೆ ಏನು ಬೇಕಾದರೂ ಕಟ್ಟಬಹುದು. ತಿನ್ನುವುದರಲ್ಲಿ ತಿಂಡಿಪೋತ ಮತ್ತು ಹೊಟ್ಟೆಬಾಕ, ಕಾದಾಡುವುದರಲ್ಲಿ ಜಗಳಗಂಟ, ಮಂಕಾಗಿ ಕೂರುವುದರಲ್ಲಿ ಮಂಕುದಿಣ್ಣೆ. ಸಮಾಸ, ತದ್ಧಿತ ಎಂದು ವ್ಯಾಕರಣದ ಪೀರಿಯಡ್ಡಿನಲ್ಲಿ ತೂಕಡಿಸಿದ ಅದೇ ಹುಡುಗರು ಹತ್ತು ನಿಮಿಷದ ಬಿಡುವಿನಲ್ಲಿ ಅವನ್ನೆಲ್ಲ ಪ್ರಯೋಗದಲ್ಲಿ ತೋರಿಸುತ್ತಿದ್ದರು. ಇಲ್ಲಿ ಗಮನಿಸಬೇಕಾದದ್ದೊಂದಿದೆ. ಈ ಪದಗಳು ಬಹುಮಟ್ಟಿಗೆ ನಡತೆಗೆ ಅಂಟಿದವು. ಅಳು ನಿಲ್ಲಿಸಿದರೆ ಅಳುಬುರುಕನ ಪಟ್ಟ ಹೋಗುತ್ತಿತ್ತು. ಚಾಡಿ ಬಿಟ್ಟರೆ ಚಾಡಿಬುರುಕನೂ ತಂಡಕ್ಕೆ ಮರಳುತ್ತಿದ್ದ.

ಪುರಾಣ, ಸಿನಿಮಾ ಎರಡೂ ಈ ಕಣಜಕ್ಕೆ ಧಾರಾಳವಾಗಿ ಕೊಟ್ಟಿವೆ. ಬಯಲಾಟ, ಯಕ್ಷಗಾನ ನೋಡಿ ಬೆಳೆದ ಊರುಗಳಲ್ಲಿ ನಿದ್ದೆಗಣ್ಣಿನವನು ಕುಂಭಕರ್ಣ, ಇಬ್ಬರ ನಡುವೆ ಬೆಂಕಿ ಹಚ್ಚುವವನು ನಾರದ ಅಥವಾ ಶಕುನಿ. 1972ರಲ್ಲಿ 'ನಾಗರಹಾವು' ಬಂದ ಮೇಲೆ ಸಿಡುಕಿನ ಹುಡುಗರೆಲ್ಲ ರಾಮಾಚಾರಿಗಳಾದರು, ಮಕ್ಕಳನ್ನು ಹಚ್ಚಿಕೊಂಡ ಮೇಷ್ಟ್ರುಗಳೆಲ್ಲ ಚಾಮಯ್ಯ ಮೇಷ್ಟ್ರುಗಳಾದರು. 1981ರ 'ಅಂತ' ಬಂದಾಗ ಗಟ್ಟಿ ದನಿಯಲ್ಲಿ ಗದರುವವನಿಗೆ ಕನ್ವರ್‌ಲಾಲ್ ಎಂಬ ಬಿರುದು ಸಿದ್ಧವಾಯಿತು. 80ರ ದಶಕದ ಕೊನೆಗೆ ದೂರದರ್ಶನದಲ್ಲಿ ರಾಮಾಯಣ, ಮಹಾಭಾರತಗಳು ಬಂದದ್ದೇ ತಡ, ಬಯಲಿನಲ್ಲಿ ಇದ್ದ ಪಾತ್ರಗಳಿಗೆ ಮುಖವೂ ಸಿಕ್ಕಿತು. ಆರ್.ಕೆ. ನಾರಾಯಣ್ 1935ರಲ್ಲಿ ಬರೆದ 'ಸ್ವಾಮಿ ಅಂಡ್ ಫ್ರೆಂಡ್ಸ್' ಕಾದಂಬರಿಯಲ್ಲಿ ಪೊಲೀಸ್ ಅಧಿಕಾರಿಯ ಮಗ ರಾಜಮ್‌ನ ಜತೆ ಸ್ವಾಮಿ ಸೇರಿದ್ದಕ್ಕೆ ಹಳೆಯ ಗೆಳೆಯರು ಅವನನ್ನು ರಾಜಮ್‌ನ 'ಬಾಲ' ಎಂದು ಹಂಗಿಸುತ್ತಾರೆ. ಶಂಕರ್‌ನಾಗ್ ಆಗುಂಬೆಯಲ್ಲಿ 'ಮಾಲ್ಗುಡಿ ಡೇಸ್' ಚಿತ್ರಿಸಿದಾಗ ಕನ್ನಡದ ಮಕ್ಕಳಿಗೆ ಆ ಸ್ವಾಮಿ ಮನೆಯ ಹುಡುಗನಾದ. ಬಾಲ ಎನ್ನಿಸಿಕೊಂಡ ಸಂಕಟ ಯಾವ ಊರಿನ ಶಾಲೆಯಲ್ಲೂ ಹೊಸದಲ್ಲ. ನಮ್ಮಲ್ಲಿ ಅದಕ್ಕೆ ಚಮಚಾ ಎನ್ನುತ್ತಿದ್ದರು, ನಂತರದವರು ಬಕೆಟ್ ಎಂದರು.

ಪರೀಕ್ಷೆ, ಅಂಕ, ಕ್ಲಾಸುಗಳಿಗೂ ಬೇರೆಯದೇ ಹೆಸರುಗಳಿದ್ದವು. ಫೇಲಾದರೆ 'ಡುಮ್ಕಿ', ಸೊನ್ನೆ ಬಂದರೆ 'ಕೋಳಿಮೊಟ್ಟೆ', ಮೂರನೇ ದರ್ಜೆಯಲ್ಲಿ ಪಾಸಾದರೆ 'ಗಾಂಧಿ ಕ್ಲಾಸು', ಪುಸ್ತಕದಿಂದ ತಲೆಯೆತ್ತದವನು 'ಕುಡುಮಿ', ಕನ್ನಡಕ ಬಂದವನು 'ಸೋಡಾಬುಡ್ಡಿ'. ಒಂದು ಕ್ಲಾಸಿನಲ್ಲಿ ಮೂವರು ಮಂಜುನಾಥರಿದ್ದರೆ ಕುಳ್ಳ ಮಂಜ, ಲಂಬು ಮಂಜ, ಟೇಷನ್ ಮಂಜ ಎಂದು ವಿಂಗಡಣೆಯಾಗುತ್ತಿತ್ತು. ಚಡ್ಡಿಯ ಗುಂಡಿ ಹಾಕಿಕೊಳ್ಳಲು ಮರೆತವನಿಗೆ "ಪೋಸ್ಟಾಫೀಸ್ ಬಾಗಿಲು ತೆಗೆದಿದೆ" ಎಂಬ ಸೂಚನೆ ಬರುತ್ತಿತ್ತು. ಹತ್ತು ಜನರ ಎದುರು ಅದನ್ನು ಕೂಗಿದರೆ ಹಂಗಿಸುವಿಕೆ. ಪ್ರಾರ್ಥನೆಯ ಸಾಲಿನಲ್ಲಿ ಹಿಂದಿನಿಂದ ಬಗ್ಗಿ ಕಿವಿಯಲ್ಲಿ ಅದನ್ನೇ ಉಸುರಿದರೆ ಆಪತ್ಕಾಲದ ನೆರವು.

ಇನ್ನು ಎಲ್ಲ ಬೈಗುಳಗಳಿಗೂ ಮಿಗಿಲಾದದ್ದೊಂದಿತ್ತು. ಅದರಲ್ಲಿ ಕೆಟ್ಟ ಮಾತಿನ ಸೋಂಕೂ ಇರಲಿಲ್ಲ. ಅಪ್ಪನ ಹೆಸರು ಹಿಡಿದು ಕರೆಯುವುದು. ನಮ್ಮ ಕಾಲದಲ್ಲಿ ಹುಡುಗನೊಬ್ಬ ಜ್ಯಾಮಿಟ್ರಿ ಬಾಕ್ಸಿಗಿಂತ ಹೆಚ್ಚು ಜೋಪಾನ ಮಾಡುತ್ತಿದ್ದದ್ದು ತನ್ನ ಅಪ್ಪನ ಹೆಸರನ್ನು. ವಿದ್ಯಾರ್ಥಿವೇತನದ ಪಟ್ಟಿಯನ್ನೋ ಟಿ.ಸಿ.ಯನ್ನೋ ಗುಮಾಸ್ತರು ಗಟ್ಟಿಯಾಗಿ ಓದಿಬಿಟ್ಟರೆ ಗುಟ್ಟು ರಟ್ಟಾಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ಬಾವಿಕಟ್ಟೆಯಿಂದ ಒಂದು ದನಿ, ಧ್ವಜದ ಕಂಬದಿಂದ ಇನ್ನೊಂದು ದನಿ, "ಏ ತಿಮ್ಮಪ್ಪಾ..." ಎಂದು. ಕರೆದವನ ಮೇಲೆ ಹುಡುಗ ಎಗರುತ್ತಿದ್ದ. ಮನೆಯಲ್ಲಿ ಅಮ್ಮ ಕೂಡ ಬಾಯಿಬಿಟ್ಟು ಹೇಳದ ಹೆಸರನ್ನು ಓರಗೆಯ ಪೋರರು ಏಕವಚನದಲ್ಲಿ ಕೂಗಿದರೆ ಮೈ ಉರಿಯದೆ ಇರುತ್ತದೆಯೇ? ಆದರೆ ಇದಕ್ಕೂ ಒಂದು ನ್ಯಾಯವಿತ್ತು. ನನ್ನ ಅಪ್ಪನ ಹೆಸರು ನಿನಗೆ ಗೊತ್ತು, ನಿನ್ನ ಅಪ್ಪನದು ನನಗೆ ಗೊತ್ತು ಎಂದಾದ ದಿನವೇ ಇಬ್ಬರೂ ಸುಮ್ಮನಾಗುತ್ತಿದ್ದರು. ಅಪ್ಪ ತೀರಿಕೊಂಡ ಹುಡುಗನ ಎದುರು ಮಾತ್ರ ಆ ಆಯುಧವನ್ನು ಯಾರೂ ಎತ್ತುತ್ತಿರಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ, ಆದರೂ ಎತ್ತುತ್ತಿರಲಿಲ್ಲ.

ಬಯಲಿನ ಭಾಷೆ ಎಂದರೆ ಬೈಗುಳವಷ್ಟೇ ಎಂದುಕೊಂಡರೆ ಅರ್ಧ ಮಾತ್ರ ಕಂಡಂತೆ. ಅದರ ಇನ್ನೊಂದು ಅರ್ಧ ಕಾನೂನು. ಲಗೋರಿ, ಚಿನ್ನಿದಾಂಡು, ಕುಂಟೆಬಿಲ್ಲೆ, ಮರಕೋತಿ, ಐಸ್‌ಪೈಸ್, ಗೋಲಿ, ಬುಗುರಿ, ಒಂದೊಂದಕ್ಕೂ ಅದರದೇ ಮಾತು. ಬುಗುರಿಯಲ್ಲಿ ಸೋತವನು ತನ್ನ ಬುಗುರಿಯನ್ನು ವೃತ್ತದ ನಡುವೆ ಇಡಬೇಕು, ಗೆದ್ದವರು ತಮ್ಮ ಬುಗುರಿಯ ಮೊಳೆಯಿಂದ ಅದಕ್ಕೆ 'ಗುನ್ನ' ಹೊಡೆಯಬೇಕು. ಹೊಸ ಬಣ್ಣದ ಬುಗುರಿಗೆ ಮೊದಲ ಗುನ್ನ ಬಿದ್ದಾಗ ಅದರ ಯಜಮಾನ ತುಟಿ ಕಚ್ಚಿ ನಿಲ್ಲುತ್ತಿದ್ದ. ನಿಯಮ ಎಂದರೆ ನಿಯಮ. ಈ ಮಾತುಗಳು ಗಡಿ ದಾಟುವುದೂ ಹಾಗೆಯೇ, ಯಾರ ಅಪ್ಪಣೆಯೂ ಬೇಕಿಲ್ಲ. ಮಹಾರಾಷ್ಟ್ರದ ಮಕ್ಕಳು ವಿಟಿದಾಂಡು ಆಡುವಾಗ ವಕಟ, ಲೇಂಡ, ಮೂಂಡ, ನಾಲ ಎಂದು ಎಣಿಸುತ್ತಾರೆ. ಕಿವಿಗೊಟ್ಟು ಕೇಳಿದರೆ ಅದು ನಮ್ಮ ತೆಲುಗು, ಕನ್ನಡದ ಕಡೆಯ ಎಣಿಕೆಯೇ. ದೊಡ್ಡವರು ಗಡಿಗಾಗಿ ಆಯೋಗ ಕೂರಿಸಿದ ನೆಲದಲ್ಲಿ ಮಕ್ಕಳು ಒಂದು ಕೋಲಿನ ತುದಿಯಲ್ಲಿ ಪಕ್ಕದ ಭಾಷೆಯ ಅಂಕಿಗಳನ್ನು ಉಳಿಸಿಕೊಂಡು ಬಂದಿದ್ದಾರೆ.

ಓಡಿ ಓಡಿ ಸುಸ್ತಾದವನು, ಚಪ್ಪಲಿ ಕಿತ್ತುಹೋದವನು, ಮೊಣಕಾಲು ತರಚಿಕೊಂಡವನು ಹೆಬ್ಬೆರಳೆತ್ತಿ "ಟೈಂ ಪ್ಲೀಸ್" ಎಂದರೆ ಅಟ್ಟಿಸಿಕೊಂಡು ಬರುತ್ತಿದ್ದವನು ಎಷ್ಟೇ ಹತ್ತಿರ ಬಂದಿದ್ದರೂ ನಿಂತುಬಿಡಬೇಕು. ಮುಟ್ಟುವ ಹಾಗಿಲ್ಲ. ಇಂಗ್ಲಿಷ್ ಒಂದಕ್ಷರ ಬರದ ಕಾಲದಲ್ಲೇ ನಮಗೆ ಈ ಮಾತಿನ ಬೆಲೆ ಗೊತ್ತಿತ್ತು. ಇಂಗ್ಲೆಂಡಿನ ಅಯೋನಾ ಮತ್ತು ಪೀಟರ್ ಓಪಿ ದಂಪತಿ ಶಾಲೆ ಶಾಲೆಗಳಿಂದ ಮಕ್ಕಳ ಮಾತನ್ನು ಕಲೆಹಾಕಿ 1959ರಲ್ಲಿ 'ದ ಲೋರ್ ಅಂಡ್ ಲಾಂಗ್ವೇಜ್ ಆಫ್ ಸ್ಕೂಲ್‌ಚಿಲ್ಡ್ರನ್' ಎಂಬ ಪುಸ್ತಕ ತಂದರು. ಸುಮಾರು 5000 ಮಕ್ಕಳಿಂದ ಸಂಗ್ರಹಿಸಿದ ಸಾಮಗ್ರಿ ಅದು. ಆಟ ನಿಲ್ಲಿಸಲು ಮಕ್ಕಳು ಕೂಗುವ ಮಾತಿಗೆ ಅವರು ಪುಟಗಟ್ಟಲೆ ಜಾಗ ಕೊಟ್ಟಿದ್ದಾರೆ. ಒಂದು ಸೀಮೆಯಲ್ಲಿ 'ಬಾರ್ಲಿ', ಇನ್ನೊಂದರಲ್ಲಿ 'ಕಿಂಗ್ಸ್', ಲಂಡನ್ ಕಡೆ 'ಫೇನೈಟ್ಸ್'. ಮಾತು ಬೇರೆ, ಮರ್ಯಾದೆ ಒಂದೇ. ಸಾಕಾದವನು ಸಾಕು ಎಂದರೆ ನಿಲ್ಲಬೇಕು ಎಂಬುದನ್ನು ಮಕ್ಕಳು ಎಲ್ಲ ಕಡೆಯೂ ತಾವೇ ಕಂಡುಕೊಂಡಿದ್ದಾರೆ.

ಅದಕ್ಕೂ ದೊಡ್ಡದು 'ಆಟಕ್ಕುಂಟು ಲೆಕ್ಕಕ್ಕಿಲ್ಲ'. ದೊಡ್ಡವರ ಬಾಯಲ್ಲಿ ಇದು ಯಾರನ್ನೋ ಕಡೆಗಣಿಸುವ ಗಾದೆಯಾಗಿಬಿಟ್ಟಿದೆ. ಬಯಲಿನಲ್ಲಿ ಅದರ ಅರ್ಥ ಬೇರೆ. ಅಕ್ಕನ ಲಂಗ ಹಿಡಿದು ಬಂದ ನಾಲ್ಕು ವರ್ಷದ ತಮ್ಮನನ್ನು ಏನು ಮಾಡುವುದು? ಬಿಟ್ಟರೆ ಅಳುತ್ತಾನೆ, ಸೇರಿಸಿಕೊಂಡರೆ ತಂಡ ಸೋಲುತ್ತದೆ. ಅದಕ್ಕೆ ಅವನಿಗೆ ಈ ಪಟ್ಟ. ಅವನೂ ಓಡುತ್ತಾನೆ, ಅಡಗುತ್ತಾನೆ, ಕೂಗುತ್ತಾನೆ. ಅವನನ್ನು ಮುಟ್ಟಿದರೂ ಔಟಿಲ್ಲ. ಯಾರಿಗೂ ನಷ್ಟವಾಗದಂತೆ ಎಳೆಯನನ್ನು ಒಳಗೆ ಕರೆದುಕೊಳ್ಳುವ ಇಂಥ ಕಲಮು ಎಷ್ಟು ಕಾನೂನು ಪುಸ್ತಕಗಳಲ್ಲಿದೆ? ಮರಾಠಿ ಮಕ್ಕಳು ಇಂಥವನನ್ನು 'ಕಚ್ಚಾ ಲಿಂಬು' ಎನ್ನುತ್ತಾರೆ. ಒಂದೆರಡು ವರ್ಷ ಕಳೆದ ಮೇಲೆ ಯಾವುದೋ ಒಂದು ಸಂಜೆ "ಇವತ್ತಿಂದ ಇವನು ಲೆಕ್ಕಕ್ಕುಂಟು" ಎಂಬ ಘೋಷಣೆಯಾಗುತ್ತಿತ್ತು. ಆ ಹುಡುಗನ ಎದೆ ಉಬ್ಬುತ್ತಿದ್ದದ್ದನ್ನು ನೋಡಬೇಕಿತ್ತು. ಮುಂದೆ ಮೆಟ್ರಿಕ್ ಪಾಸಾದಾಗಲೂ ಅಷ್ಟು ಉಬ್ಬಿರಲಿಕ್ಕಿಲ್ಲ.

ಈಗ ಠೂ ಬಿಡುವ ವಿಷಯಕ್ಕೆ ಬರೋಣ. ಹಳೇ ಮೈಸೂರಿನವರಿಗೆ ಅದು 'ಠೂ', ಧಾರವಾಡ, ಬೆಳಗಾವಿಯ ಕಡೆ 'ಕಟ್ಟಿ'. ಕಿರುಬೆರಳು ತೋರಿಸಿ "ನಿನ್ ಜೊತೆ ಠೂ" ಎಂದರೆ ಸಂಬಂಧ ಕಡಿಯಿತು. ಕಡಿದ ಮೇಲೆ ಲೆಕ್ಕ ಚುಕ್ತಾ ಆಗಬೇಕು. ಕೊಟ್ಟ ಬಳಪದ ಚೂರು, ಅರ್ಧ ಕಚ್ಚಿದ ರಬ್ಬರು, ಪುಸ್ತಕದ ನಡುವೆ ಮರಿ ಹಾಕಲೆಂದು ಇಟ್ಟ ನವಿಲುಗರಿ, ಎಲ್ಲ ವಾಪಸು. ಮಾತಾಡುವಂತಿಲ್ಲವಾದ್ದರಿಂದ ನಡುವೆ ಒಬ್ಬ ಬೇಕು. ಮೂವರೂ ಒಂದೇ ಬೆಂಚಿನಲ್ಲಿ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತಿದ್ದಾರೆ. "ನನ್ನ ನವಿಲುಗರಿ ಕೊಡಬೇಕು ಅಂತ ಅವನಿಗೆ ಹೇಳು." ನಡುವಿನವನು ತಿರುಗಿ, "ನವಿಲುಗರಿ ಕೊಡಬೇಕಂತೆ." ಆ ಕಡೆಯಿಂದ, "ಅದು ಒಂದು ಮರಿ ಹಾಕಿದೆ, ಮರಿ ನಂದು ಅಂತ ಹೇಳು." ನಡುವಿನವನು ಈ ಕಡೆ ತಿರುಗಿ, "ಮರಿ ಅವನದಂತೆ." ಎರಡು ಮೂರು ಸಲ ಹೀಗೆ ನಡೆಯುವಷ್ಟರಲ್ಲಿ ನಡುವಿನವನ ಕತ್ತು ನೋಯುತ್ತಿತ್ತು. ಅವನು ಎದ್ದು "ನೀವೇ ಮಾತಾಡ್ಕೊಳ್ರೋ" ಎಂದು ಹೊರಟರೆ ಉಳಿದ ಇಬ್ಬರಿಗೂ ಬೇರೆ ದಾರಿ ಇರಲಿಲ್ಲ. ಒಬ್ಬ ಗೋಡೆ ನೋಡಿಕೊಂಡು, "ಮರಿ ನೀನೇ ಇಟ್ಕೋ" ಎನ್ನುತ್ತಿದ್ದ. ಇನ್ನೊಬ್ಬ ಅದೇ ಗೋಡೆ ನೋಡಿಕೊಂಡು, "ಗರೀನೂ ನನ್ನತ್ರಾನೇ ಇರ್ಲಿ, ಇನ್ನೊಂದು ಮರಿ ಹಾಕಿದ್ರೆ ಕೊಡ್ತೀನಿ" ಎನ್ನುತ್ತಿದ್ದ. ಕಿರುಬೆರಳುಗಳು ಕೊಕ್ಕೆ ಹಾಕಿಕೊಳ್ಳುತ್ತಿದ್ದವು. ರಾಜಿ. ಯಾರು ಮೊದಲು ಬೈದದ್ದು, ಯಾರು ತಪ್ಪಿತಸ್ಥ, ಇದ್ಯಾವುದರ ವಿಚಾರಣೆಯೂ ನಡೆಯುತ್ತಿರಲಿಲ್ಲ. ಬೆಳಗಿನ ಬೈಗುಳ ಬೆಳಗಿಗೇ ಮುಗಿಯುತ್ತಿತ್ತು.

ಆ ಬಯಲಿನಲ್ಲಿ ನಾವು ಕಲಿತದ್ದು ಜಗಳವಾಡುವುದನ್ನಲ್ಲ, ಜಗಳ ಮುಗಿಸುವುದನ್ನು ಎಂದು ನಾನು ನಂಬಿದ್ದೇನೆ. ಬೈಯಲು ಎಷ್ಟು ಮಾತಿದ್ದವೋ ಅಷ್ಟೇ ಮಾತು ನಿಲ್ಲಿಸಲು, ಬಿಡಲು, ಮತ್ತೆ ಸೇರಲು ಇದ್ದವು. ಸುಳ್ಳು ಹೇಳಿಲ್ಲ ಎನ್ನುವುದಕ್ಕೆ ಪುಸ್ತಕ ಮುಟ್ಟಿ 'ಸರಸ್ವತಿಯಾಣೆ' ಇತ್ತು. ಕಳ್ಳಾಟ ಆಡಿದವನಿಗೆ ಒಂದು ದಿನದ ಬಹಿಷ್ಕಾರ ಇತ್ತು. ಮರುದಿನ ತಂಡ ಆರಿಸುವಾಗ ಅವನ ಹೆಸರೂ ಬರುತ್ತಿತ್ತು. ಏಕೆಂದರೆ ಲಗೋರಿಗೆ ಜನ ಕಡಿಮೆಯಾದರೆ ಆಟವೇ ಇಲ್ಲ.

ಇದನ್ನೆಲ್ಲ ಗೋಡೆಯಾಚೆಯ ಮಾಷ್ಟ್ರಿಗೆ ಹೇಳುತ್ತಿದ್ದಾಗ ಅವರು ನೀರಿನ ಪೈಪು ಕೆಳಗಿಟ್ಟು ಸ್ವಲ್ಪ ಹೊತ್ತು ಯೋಚಿಸಿ ಹೇಳಿದ ಮಾತು ನನ್ನಲ್ಲಿ ನಿಂತಿದೆ. "ಮಕ್ಕಳು ಬೈದದ್ದು ಬೇರೆ, ನಾವು ಮಾಷ್ಟ್ರುಗಳು ಬೈದದ್ದು ಬೇರೆ. ಹೆಡ್ಡ ಅಂತ ಹುಡುಗ ಹೇಳಿದ್ರೆ ಇನ್ನೊಬ್ಬ 'ನೀ ಹೆಡ್ಡ, ನಿನ್ನಜ್ಜ ಹೆಡ್ಡ' ಅಂತ ತಿರುಗಿ ಹೇಳಬಹುದು. ದನ ಕಾಯ್ಲಿಕ್ಕೆ ಹೋಗು ಅಂತ ಮಾಷ್ಟ್ರು ಹೇಳಿದ್ರೆ ತಿರುಗಿ ಹೇಳ್ಲಿಕ್ಕೆ ಉಂಟಾ ಮಾರಾಯ್ರೆ?" ನಿಜ. ತಲೆಯಲ್ಲಿ ಜೇಡಿಮಣ್ಣು, ಕತ್ತೆ ಕಾಯಲು ಹೋಗು, ಮುಠ್ಠಾಳ, ಶುಂಠ ಇವೆಲ್ಲ ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯುತ್ತಿದ್ದವು. ಅವಕ್ಕೆ ಟೈಂ ಪ್ಲೀಸ್ ಇರಲಿಲ್ಲ, ರಾಜಿಯೂ ಇರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ತನ್ನ 17ನೇ ಸೆಕ್ಷನ್ನಿನಲ್ಲಿ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. 2010ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಬೆತ್ತಕ್ಕೆ ಮಾತ್ರವಲ್ಲ, ನಾಲಿಗೆಗೂ ಕಾನೂನು ಕಡಿವಾಣ ಹಾಕಿದ್ದು ಸರಿಯಾಗಿಯೇ ಇದೆ. 2018ರಲ್ಲಿ ಬಂದ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು' ಚಿತ್ರದಲ್ಲಿ ದಡ್ಡನೆನ್ನಿಸಿಕೊಂಡ ಪ್ರವೀಣನನ್ನು ನೋಡಿ ಚಿತ್ರಮಂದಿರ ನಗುತ್ತಿತ್ತು. ಅವನ ಬೆಂಚಿನಲ್ಲಿ ಕೂತು ಬಂದವರು ಎಷ್ಟೋ ಜನ ಆ ಕತ್ತಲಲ್ಲಿ ಇದ್ದಿರಬೇಕು.

ಮಾಷ್ಟ್ರ ಆ ಒಂದು ಪ್ರಶ್ನೆ ನನಗೆ ಒರೆಗಲ್ಲಾಯಿತು. ತಿರುಗಿ ಹೇಳಲು ಬರುತ್ತದೆಯೇ? ಬಂದರೆ ಆಟ, ಬಾರದಿದ್ದರೆ ಅದು ಆಟವಲ್ಲ. ಈ ಒರೆಗೆ ಹಚ್ಚಿದರೆ ನಮ್ಮ ಬಯಲಿನ ಮಾತುಗಳಲ್ಲಿ ಕೆಲವು ಉದುರಿಹೋಗಬೇಕು. ಜಾತಿಯ ಹೆಸರನ್ನೇ ಬೈಗುಳ ಮಾಡಿ ಕೂಗಿದರೆ ಆ ಹುಡುಗ ತಿರುಗಿ ಏನು ಹೇಳಬೇಕು? ಪೋಲಿಯೋ ಬಂದ ಕಾಲನ್ನು, ಮೈಬಣ್ಣವನ್ನು, ತೊದಲನ್ನು ಹೆಸರಾಗಿ ಇಟ್ಟರೆ ಅವನು ಯಾವ ನಡತೆಯನ್ನು ತಿದ್ದಿಕೊಳ್ಳಬೇಕು? ಅರವಿಂದ ಮಾಲಗತ್ತಿಯವರ ಆತ್ಮಕಥೆ 'ಗೌರ್ಮೆಂಟ್ ಬ್ರಾಹ್ಮಣ' 1994ರಲ್ಲಿ ಬಂತು. ಸರ್ಕಾರಿ ಸವಲತ್ತು ಪಡೆಯುವ ದಲಿತರನ್ನು ಹಂಗಿಸಲು ಬಳಕೆಯಲ್ಲಿದ್ದ ಮಾತನ್ನೇ ಅವರು ಪುಸ್ತಕದ ಹೆಸರಾಗಿಸಿದರು. ಬಾಲ್ಯದಲ್ಲಿ ತಿರುಗಿಸಿ ಹೇಳಲಾಗದ್ದನ್ನು ದೊಡ್ಡವರಾದ ಮೇಲೆ ಇಡೀ ಪುಸ್ತಕವಾಗಿ ತಿರುಗಿಸಿ ಹೇಳಿದರು. ಶಾಲೆಯ ದಿನಗಳನ್ನು ನೆನೆದು ಹಿಗ್ಗುವ ನಾವು ಆ ಪುಸ್ತಕವನ್ನೂ ಓದಬೇಕು. ಒಂದೇ ಬಯಲು ಒಬ್ಬನಿಗೆ ಆಟದ ಮೈದಾನ, ಇನ್ನೊಬ್ಬನಿಗೆ ತಲೆ ತಗ್ಗಿಸಿ ದಾಟಬೇಕಾದ ಜಾಗ ಆಗಿತ್ತು ಎಂಬುದನ್ನು ಮರೆತು ಹಾಡುವ ನೆನಪು ಪೂರ್ತಿ ನೆನಪಲ್ಲ.

ಈಗಿನ ಮಕ್ಕಳಿಗೆ ಬೈಗುಳಕ್ಕೇನೂ ಬರವಿಲ್ಲ. ನಮ್ಮ ಬೀದಿಯ ಹುಡುಗರು ಕ್ರಿಕೆಟ್ ಆಡುವಾಗ ಕಿವಿಗೊಟ್ಟರೆ ಮೊಬೈಲ್ ಆಟದಿಂದ ಬಂದ 'ನೂಬ್' ಇದೆ, ಹಳೆಯ 'ಗೂಬೆ'ಯೂ ಇದೆ. ಎರಡೂ ತಂಡಕ್ಕೆ ಆಡುವ 'ಜೋಕರ್' ಇದ್ದಾನೆ, 'ಒಂದ್ ಪಿಚ್ ಕ್ಯಾಚ್' ಇದೆ, 'ಟ್ರಯಲ್ ಬಾಲ್' ಇದೆ. ಅದನ್ನು ಕೇಳಿದಾಗಲೆಲ್ಲ ನನಗೆ ನೆಮ್ಮದಿ. ಬೈಗುಳ ಬಯಲಿನಲ್ಲಿ ಇರುವವರೆಗೆ ಅದಕ್ಕೆ ಬಯಲಿನ ಕಾನೂನೂ ಇರುತ್ತದೆ. ನನಗೆ ಆತಂಕ ಇರುವುದು ಫೋನಿನೊಳಗೆ ಹೋದ ಬೈಗುಳದ ಬಗ್ಗೆ. ಕ್ಲಾಸಿನ ವಾಟ್ಸ್ಯಾಪ್ ಗುಂಪಿನಲ್ಲಿ ಒಬ್ಬನ ಮೇಲೆ ಒಂದು ಮಾತು ಬಿದ್ದರೆ ಅದು ಅಲ್ಲೇ ಉಳಿಯುತ್ತದೆ. ಮಾರನೆಯ ದಿನ ಇಬ್ಬರೂ ಒಂದೇ ಡಬ್ಬಿಯ ಚಿತ್ರಾನ್ನ ಹಂಚಿಕೊಂಡು ತಿಂದರೂ ಆ ಮಾತು ಅಲ್ಲೇ ಇರುತ್ತದೆ, ಇನ್ನೊಬ್ಬ ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟಿರುತ್ತಾನೆ. ಬ್ಲಾಕ್ ಮಾಡುವುದು ಠೂ ಬಿಟ್ಟಂತಲ್ಲ. ಠೂ ಬಿಟ್ಟವನು ಎದುರಿಗೇ ಕೂತಿರುತ್ತಿದ್ದ, ನಡುವೆ ಒಬ್ಬ ದೂತನಿದ್ದ, ಕೇಳಲು ಒಂದು ನವಿಲುಗರಿ ಇತ್ತು. ಜಗಳ ಎಂದ ಕೂಡಲೇ ಅಪ್ಪ ಅಮ್ಮ ಶಾಲೆಗೆ ಫೋನು ಮಾಡುವುದೂ ಹೆಚ್ಚಾಗಿದೆ. ಜಾತಿ, ಅಂಗ, ಬಣ್ಣದ ಮಾತು ಬಂದರೆ ದೊಡ್ಡವರು ಹೋಗಲೇಬೇಕು, ತಡಮಾಡಬಾರದು. ಆದರೆ 'ಅಳುಬುರುಕ' ಎಂದದ್ದಕ್ಕೆ ಹೋಗಬೇಕಿಲ್ಲ. ಅದಕ್ಕೆ ಮಕ್ಕಳ ಬಳಿ ಮದ್ದಿದೆ, ಅದನ್ನು ಅರೆದುಕೊಳ್ಳಲು ಅವರಿಗೆ ಒಂದು ಮಧ್ಯಾಹ್ನ ಬಿಟ್ಟರೆ ಸಾಕು.

ಕಿಟ್ಟೆಲ್ ಅವರು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತಮ್ಮ ನಿಘಂಟಿಗಾಗಿ ಊರೂರಿನ ಮಾತನ್ನು ಕೂಡಿಹಾಕಿದರು. ಕನ್ನಡ ಸಾಹಿತ್ಯ ಪರಿಷತ್ತು ದಶಕಗಟ್ಟಲೆ ದುಡಿದು ಎಂಟು ಸಂಪುಟಗಳ ನಿಘಂಟು ತಂದಿತು. ಇವರಿಗೆ ನಾವು ಋಣಿಗಳು. ಆದರೆ ಬಯಲಿನ ಮಾತನ್ನು ಬರೆದಿಡಲು ಪಂಡಿತರು ಬರುವವರೆಗೆ ಕಾಯಬೇಕಿಲ್ಲ. ನಮ್ಮ ಮಾಷ್ಟ್ರ ಸಲಹೆ ಸರಳವಾಗಿದೆ. ಐದನೇ ಕ್ಲಾಸಿನ ಕನ್ನಡ ಪೀರಿಯಡ್ಡಿನಲ್ಲಿ ವರ್ಷಕ್ಕೊಂದು ದಿನ ಮಕ್ಕಳೇ ತಮ್ಮ ಆಟದ ಮಾತುಗಳನ್ನು ಬರೆಯಲಿ. ಆಟ ನಿಲ್ಲಿಸುವಾಗ ಏನನ್ನುತ್ತೀರಿ, ಚಿಕ್ಕವರನ್ನು ಸೇರಿಸಿಕೊಳ್ಳುವಾಗ ಏನನ್ನುತ್ತೀರಿ, ಜಗಳವಾದ ಮೇಲೆ ಮತ್ತೆ ಸೇರುವುದು ಹೇಗೆ. ಮನೆಗೆ ಹೋಗಿ ಅಜ್ಜ ಅಜ್ಜಿಯರನ್ನೂ ಕೇಳಿ ಬರಲಿ. ಚಾಮರಾಜನಗರದ ಶಾಲೆಯ ಹಾಳೆ ಬೀದರಿನ ಶಾಲೆಗೆ ಹೋಗಲಿ, ಬೀದರಿನದು ಕಾರವಾರಕ್ಕೆ ಬರಲಿ. ಯಾವ ಮಾತಿಗೆ ತಿರುಗಿ ಹೇಳಬಹುದು, ಯಾವುದನ್ನು ಯಾರಿಗೂ ಹೇಳಬಾರದು ಎಂಬ ಚರ್ಚೆ ಅಲ್ಲೇ ಆಗುತ್ತದೆ. ನೀತಿ ಪಾಠಕ್ಕೆ ಬೇರೆ ಪುಸ್ತಕ ಬೇಕಾಗುವುದಿಲ್ಲ.

ಇದನ್ನು ಓದುತ್ತಿರುವ ಮೇಷ್ಟ್ರುಗಳು, ಟೀಚರುಗಳು, ಅಕ್ಕೋರುಗಳು ಯಾರಾದರೂ ಇದ್ದರೆ ಈ ವರ್ಷವೇ ಮಾಡಿ ನೋಡಿ. ಮೊಮ್ಮಕ್ಕಳಿರುವ ಅಜ್ಜ ಅಜ್ಜಿಯರು ಅಷ್ಟೂ ಕಾಯಬೇಡಿ. ನಿಮ್ಮ ಕಾಲದ ಬೈಗುಳ ಹೇಳಿಕೊಡಿ, ಅವರು ನಕ್ಕು ಸಂತೋಷಪಡುತ್ತಾರೆ. ಅದರ ಬೆನ್ನಿಗೇ ಅದನ್ನು ಮುಗಿಸುವ ಮಾತನ್ನೂ ಹೇಳಿಕೊಡಿ. ಬೈಯುವುದನ್ನು ಜಗತ್ತು ಅವರಿಗೆ ಹೇಗಾದರೂ ಕಲಿಸುತ್ತದೆ, ರಾಜಿಯಾಗುವುದನ್ನು ನಾವೇ ಕಲಿಸಬೇಕು.